ಪೂಜೆಗೆ ಕೂತ ಡಿಸ್ಕು

ಆಯುಧ ಪೂಜೆಯ ದಿನ ಗಾದಿಲಿಂಗಪ್ಪನ ಮನೆಯಲ್ಲಿ ಈಳಿಗೆಮಣೆಗೂ ರಜೆ. ಬದನೆಕಾಯಿಯನ್ನು ಹಿಂದಿನ ಸಂಜೆಯೇ ಹೆಚ್ಚಿ ನೀರಿಗೆ ಹಾಕಿಡಬೇಕು, ಕೊಬ್ಬರಿ ತುರಿದಿಡಬೇಕು. ಸಂಡೂರಿನ ಗಣಿಯಲ್ಲಿ ಲೋಡರ್ ಓಡಿಸಿಯೇ ಆಯುಷ್ಯ ಕಳೆದು ನಿವೃತ್ತನಾದ ಮನುಷ್ಯ ಅವನು. ಆ ದಿನ ಗಣಿಯಲ್ಲಿ ಆನೆಯಂಥ ಯಂತ್ರಗಳೇ ತಣ್ಣಗೆ ನಿಂತು ಕುಂಬಳಕಾಯಿ ಒಡೆಸಿಕೊಳ್ಳುತ್ತಿದ್ದವು. ಅಂದಮೇಲೆ ಮಲಪನಗುಡಿಯ ತನ್ನ ಮನೆಯಲ್ಲಿ ಒಂದು ಚಾಕು ಅಲ್ಲಾಡಿದರೂ ಅವನಿಗೆ ಸೈರಣೆಯಾಗುತ್ತಿರಲಿಲ್ಲ.

ಅಂಥವನು ಆ ಬೆಳಿಗ್ಗೆ ಪೂಜೆಯ ಸಾಮಾನು ಒಟ್ಟುಗೂಡಿಸುತ್ತ ಮುಂದಿನ ಕೋಣೆಗೆ ಕಾಲಿಟ್ಟರೆ, ಕಂಪ್ಯೂಟರಿನ ಪರದೆ ಬೆಳಗುತ್ತಿತ್ತು. ಅದರ ಪಕ್ಕ ಕೈಯಗಲದ ಕರಿ ಡಬ್ಬಿಯೊಂದು ನೀಲಿ ದೀಪ ಮಿಟುಕಿಸುತ್ತ ಗುಂಯ್ ಎನ್ನುತ್ತಿತ್ತು. ಆ ಕೋಣೆ ಮಗ ಮಾರುತೇಶನ ಸ್ಟುಡಿಯೋ. ಹೊಸಪೇಟೆ, ಕಂಪ್ಲಿ, ಗಾದಿಗನೂರು, ಎಲ್ಲಿ ಮದುವೆಯಾದರೂ ಅವನು ಹೋಗಿ ಶೂಟ್ ಮಾಡಿಕೊಂಡು ಬರುತ್ತಿದ್ದ. ಅವನ ಹೆಂಡತಿ ಹೇಮಾ ಕೂತು ಕತ್ತರಿಸಿ, ಜೋಡಿಸಿ, ಹಾಡು ಕೂಡಿಸಿ ಆ ಮದುವೆಯನ್ನು ನೋಡುವ ಹಾಗೆ ಮಾಡುತ್ತಿದ್ದಳು. ಕೊನೆಗೆ ‘ಛಾಯಾಗ್ರಹಣ ಮತ್ತು ಸಂಕಲನ: ಮಾರುತೇಶ್’ ಎಂದು ಅಕ್ಷರ ಬರುತ್ತಿತ್ತು. ಆ ಅಕ್ಷರ ಹಾಕುವವಳೂ ಹೇಮಾಳೇ.

“ಏ, ಇದೇನು ಇವತ್ತೂ ಗುಂಯ್ ಅಂತೈತಿ?” ಎಂದು ಗಾದಿಲಿಂಗಪ್ಪ ಕೂಗಿದ.

ದೇವರ ಕೋಣೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಹೆಂಡತಿ ಗಾಳೆಮ್ಮ ಅಲ್ಲಿಂದಲೇ ಉತ್ತರ ಕೊಟ್ಟಳು. “ಬಂದ್ ಮಾಡ್ರಿ ಅದನ್ನ. ವರ್ಷಕ್ಕೊಂದಿನ ಅದಕ್ಕೂ ದಣಿವಾರಲಿ.”

ಬಂದ್ ಮಾಡುವುದೆಂದರೆ ಗಾದಿಲಿಂಗಪ್ಪನ ಪ್ರಕಾರ ವೈರು ಕೀಳುವುದು. ಕಿತ್ತ. ಡಬ್ಬಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತ ಒಯ್ದು ದೇವರ ಮುಂದಿನ ಕಡಪಾ ಕಲ್ಲಿನ ಮೇಲೆ, ಕ್ಯಾಮೆರಾ, ಪಾನಾ, ಕುಡುಗೋಲು, ಗಾಳೆಮ್ಮನ ಹೊಲಿಗೆ ಯಂತ್ರ ಇವೆಲ್ಲದರ ನಡುವೆ ಠಪ್ಪನೆ ಇಟ್ಟ. ಮೂರು ಬೆರಳಲ್ಲಿ ವಿಭೂತಿ ಬಳಿದು, ಕುಂಕುಮ ಕಲಸಿ ದೊಡ್ಡ ಬೊಟ್ಟಿಟ್ಟು, ಸೇವಂತಿಗೆ ಏರಿಸಿದ. “ಮನಿ ಮಂದಿ ಅನ್ನ ಎಲ್ಲಾ ಇದರಾಗ ಐತಿ, ನಡುವಿನ ಜಾಗ ಇದಕ್ಕ ಸೇರಬೇಕು” ಎಂದು ಅವನೇ ಹೇಳಿಕೊಂಡ. ಪಾಪ, ಆ ಮಾತಿನಲ್ಲಿ ಕಪಟವಿರಲಿಲ್ಲ.

ಹೋಳಿಗೆ ಬೇಯಿಸುತ್ತಿದ್ದ ಹೇಮಾ ಆರತಿ ತಟ್ಟೆ ಹಿಡಿದು ಬಂದವಳು ಡಬ್ಬಿಯನ್ನು ನೋಡಿ ನಿಂತಲ್ಲೇ ನಿಂತಳು.

“ಮಾವಾರ, ಅದು ನಡೀತಿತ್ರಿ!”

“ಅದಕ್ಕ ನಿಲ್ಲಿಸೀನವ್ವ.”

“ಕಾಪಿ ಹಚ್ಚಿದ್ದೆ ರೀ. ನಡಿಯೋದನ್ನ ಹಂಗ ಕೀಳಬಾರ್ದು.”

“ಆಯುಧ ಪೂಜಿ ದಿನ ಕೆಲ್ಸಕ್ಕ ಹಚ್ಚಬಾರ್ದು ಅಂಬೋದು ನಿನಗ ಗೊತ್ತಿಲ್ಲೇನು?” ಎಂದು ಗಾಳೆಮ್ಮ ನಡುವೆ ಬಾಯಿ ಹಾಕಿದಳು. “ಮುಟ್ಟಬ್ಯಾಡ ಈಗ. ನಾಳೆ ಬನ್ನಿ ಮುಡಿದ ಮ್ಯಾಲೆ ತಗೀಬೇಕು.”

ಹೇಮಾ ಗಂಡನ ಮುಖ ನೋಡಿದಳು. ಹೊಸ ಅಂಗಿ ತೊಟ್ಟು ಬೈಕಿಗೆ ಮಾಲೆ ಕಟ್ಟುತ್ತಿದ್ದ ಮಾರುತೇಶ, “ಏನೂ ಆಗಂಗಿಲ್ಲ ಬಿಡಲೇ” ಎಂದ. ಅವಳು ಆರತಿ ಬೆಳಗಿದಳು. ಡಿಸ್ಕಿಗೂ ಬೆಳಗಿದಳು.

ಮರುದಿನ ಬನ್ನಿ ಹಂಚಿ ಬಂದು ವೈರು ಸಿಕ್ಕಿಸಿದರೆ, ನೀಲಿ ದೀಪ ಹತ್ತಿತು, ಗುಂಯ್ ಅನ್ನಲಿಲ್ಲ. ಒಳಗಿನಿಂದ ಟಿಕ್, ಟಿಕ್, ಟಿಕ್ ಎಂದು ಯಾರೋ ಉಗುರಲ್ಲಿ ಬಾಗಿಲು ಬಡಿದಂತೆ ಸದ್ದು ಬಂತು. ವೈರು ಸೇರಿಸುವ ತೂತಿನ ಅಂಚಿಗೆ ಕುಂಕುಮ ಕೆಂಪಗೆ ಒಣಗಿತ್ತು.

ಶೂಟ್ ಮಾಡಿದ್ದನ್ನೆಲ್ಲ ತುಂಬಿಡುತ್ತಿದ್ದ ಆ ಡಿಸ್ಕಿನಲ್ಲಿ ಮುಖ್ಯವಾದವು ಎರಡಿದ್ದವು. ಒಂದು, ಕಂಪ್ಲಿಯ ಬಾಳೆಮಂಡಿ ನಾಗಭೂಷಣನ ಮಗಳು ಅಂಜಲಿಯ ಮದುವೆ. ಇನ್ನೊಂದು, ಹೇಮಾಳ ಅಪ್ಪ ಪಾಲಪ್ಪನ ಹರಿಗೋಲು.

ಪಾಲಪ್ಪ ಹಂಪಿಯ ಹೊಳೆದಂಡೆಯವನು. ಹುಟ್ಟಿದಾರಭ್ಯ ಹರಿಗೋಲು ಹೆಣೆದು, ಹುಟ್ಟು ಹಾಕಿ, ಜನರನ್ನು ದಾಟಿಸಿದವನು. ಕಳೆದ ವರ್ಷ, “ಇನ್ನ ಕೈ ಕೇಳವಲ್ಲವು, ಇದೊಂದು ಹೆಣದು ಬಿಡ್ತೀನಿ” ಎಂದಾಗ ಹೇಮಾ ಕ್ಯಾಮೆರಾ ಹಿಡಿದು ಹೋಗಿದ್ದಳು. ಬಿದಿರು ಆರಿಸುವುದು, ಸೀಳುವುದು, ನೆಲದ ಮೇಲೆ ಚುಕ್ಕಿಯ ಹಾಗೆ ಹರಡಿ ಹೆಣೆಯುವುದು, ನಡುವೆ ಕಲ್ಲು ಹೇರಿ ಬಾಗಿಸುವುದು, ಅಂಚು ಬಿಗಿಯುವುದು, ಡಾಂಬರು ಬಳಿಯುವುದು, ಎಲ್ಲವನ್ನೂ ಬಿಡದೆ ಹಿಡಿದಿದ್ದಳು. ಒಮ್ಮೆ ಮಾರುತೇಶ ಬೂಟುಗಾಲಲ್ಲೇ ಒಳಗೆ ಇಳಿಯಹೋದಾಗ, “ಅಳಿಯಂದ್ರ, ಕಾಲಾಗಿಂದು ದಂಡಿ ಮ್ಯಾಲೆ ಬಿಡ್ರಿ. ಹರಗೋಲು ನಮಗ ತಾಯಿ ಮಡ್ಲು” ಎಂದು ಅಪ್ಪ ಗದರಿದ್ದೂ ಅದರಲ್ಲಿತ್ತು. ಆ ಬೇಸಿಗೆಯಲ್ಲಿ ಪಾಲಪ್ಪನಿಗೆ ಲಕ್ವ ಹೊಡೆದು ಬಲಗೈ ಮಡಚಿಕೊಂಡೇ ಉಳಿಯಿತು. ಇನ್ನು ಅವನು ಹೆಣೆಯುವಂತಿರಲಿಲ್ಲ. ಮದುವೆಗಳ ಕೆಲಸ ಮುಗಿಸಿ, ಮುಸುರೆ ತೊಳೆದು, ಉಳಿದ ಹೊತ್ತಿನಲ್ಲಿ ಅವಳು ಕತ್ತರಿಸುತ್ತಿದ್ದ ಚಿತ್ರ ಅದು. ಕೊನೆಗೆ ತನ್ನ ಹೆಸರು ಹಾಕಬೇಕೆಂದಿದ್ದ ಮೊದಲ ಚಿತ್ರ. ಅಪ್ಪನಿಗೆ ತೋರಿಸುತ್ತೇನೆಂದು ಮಾತು ಕೊಟ್ಟಿದ್ದಳು.

ಕ್ಯಾಮೆರಾದ ಕಾರ್ಡುಗಳಲ್ಲಾದರೂ ಇರಬೇಕಲ್ಲ ಎಂದರೆ, ಈ ಮನೆಯ ಪದ್ಧತಿಯಲ್ಲಿ ಕಾರ್ಡು ಮುಂದಿನ ಮದುವೆಗೆ ಅಳಿಸಲೇಬೇಕು. ಎರಡನೇ ಡಿಸ್ಕಿನ ಮಾತೆತ್ತಿದಾಗಲೆಲ್ಲ ಮಾರುತೇಶ “ಈ ಸೀಜನ್ ಮುಗೀಲಿ” ಎನ್ನುತ್ತಿದ್ದ. ಸೀಜನ್ ಮುಗಿದರೆ ಡ್ರೋನ್ ಬರುತ್ತಿತ್ತು. ಕೊನೆಗೆ ಹೇಮಾಳೇ ಹೊಸಪೇಟೆಯ ಕಂಪ್ಯೂಟರ್ ಅಂಗಡಿಯ ಪ್ರವೀಣನ ಹತ್ತಿರ ಒಂದು ಡಿಸ್ಕು ಕಡ ತಂದು, ಕಂಪ್ಯೂಟರಿನ ಹಿಂದೆ ಸಿಕ್ಕಿಸಿ, ಅಂದು ಬೆಳಿಗ್ಗೆ ಅದಕ್ಕೆ ಕಾಪಿ ಹಚ್ಚಿದ್ದಳು. ಅದು ಹಳೆಯ ಮದುವೆಗಳನ್ನು ದಾಟಿ ಬರುವಷ್ಟರಲ್ಲಿ ಮಾವನ ಭಕ್ತಿ ಅಡ್ಡ ಬಂತು.

ಜಗಳ ಊಟದ ಹೊತ್ತಿಗೆ ಶುರುವಾಯಿತು. ಹಬ್ಬದ ಉಳಿದ ಹೋಳಿಗೆ, ಕಟ್ಟಿನ ಸಾರು.

“ನಡಿಯೋ ಯಂತ್ರ ಹಿಡದು ಯಾರರ ಕುಕ್ಕರಸ್ತಾರೇನಪ್ಪ?” ಎಂದು ಮಾರುತೇಶ ತಟ್ಟೆ ಸರಿಸಿದ.

“ಲೇ, ಒಂದು ಮನಿಯಷ್ಟಿರೋ ಲೋಡರ್ ನಡಿಸಿದಾವ ನಾನು. ಯಂತ್ರದ್ದು ನನಗ ಹೇಳಾಕ ಬರ್ತಿಯೇನು? ಎಂಜಿನ್ ನಿಲ್ಲಿಸಿದ್ರ ಯಾವ ಯಂತ್ರ ಕೆಡ್ತೈತಿ?”

“ಇದು ಲೋಡರ್ ಅಲ್ಲ.”

“ಲೋಡರ್ ಇದ್ರ ಕೆಡ್ತಿದ್ದಿಲ್ಲ. ಅಷ್ಟ ನಾಜೂಕು ಸಾಮಾನು ಇಟಗೊಂಡು ಸಂಸಾರ ಮಾಡ್ತೀರಿ.”

ಗಾಳೆಮ್ಮ ಸಾರಿನ ಸೌಟನ್ನು ಪಾತ್ರೆಗೆ ಕುಟ್ಟಿದಳು. “ಹಿರ್ಯಾರ ಮ್ಯಾಲೆ ಯಾಕ ಹಾಕ್ತಿ? ಅವರು ದೇವರ ಮುಂದ ಇಟ್ರು. ಹಬ್ಬದ ದಿನ ಅದನ್ನ ನಡಿಯಾಕ ಬಿಟ್ಟಾಕಿ ಯಾರು? ಅದನ್ನ ಕೇಳು.”

ಎಲ್ಲರೂ ಹೇಮಾಳ ಕಡೆ ನೋಡಿದರು. ಅವಳು ಹೋಳಿಗೆಗೆ ತುಪ್ಪ ಹಾಕುತ್ತಿದ್ದಳು. ಮಾರುತೇಶನಿಗೂ ಅಪ್ಪನಿಗಿಂತ ಹೆಂಡತಿಯನ್ನು ಬೈಯುವುದು ಸಲೀಸಾಗಿ ಕಂಡಿತು. “ನನಗೊಂದು ಮಾತು ಹೇಳಿ ಹಚ್ಚಬೇಕಿತ್ತಿಲ್ಲ?” ಎಂದ. ಅಲ್ಲಿಗೆ ತಪ್ಪು ಯಾರದೆಂಬುದು ಆ ಮನೆಯಲ್ಲಿ ತೀರ್ಮಾನವಾಯಿತು. ತಪ್ಪು ಸೊಸೆಯ ಮೇಲೆ ಬಿದ್ದರೆ ಮನೆಗೆ ಎಷ್ಟು ನಿರಾಳ, ನೋಡಿ. ಗಾದಿಲಿಂಗಪ್ಪ ಇನ್ನೊಂದು ಹೋಳಿಗೆ ಹಾಕಿಸಿಕೊಂಡ.

ಪ್ರವೀಣ ಡಿಸ್ಕನ್ನು ಕಿವಿಗೆ ಹಿಡಿದು ಕೇಳಿ ಮುಖ ಸಣ್ಣ ಮಾಡಿದ. “ಅಕ್ಕಾರ, ಇದನ್ನ ಮತ್ತ ಮತ್ತ ಹಚ್ಚಿ ನೋಡಬ್ಯಾಡ್ರಿ. ಓದೋ ಹೆಡ್ಡಿಗೆ ಪೆಟ್ಟು ಬಿದ್ದೈತಿ. ಹುಬ್ಬಳ್ಯಾಗ ಕೊಟ್ರಯ್ಯ ಅಂತ ಅದಾರ, ಡಾಟಾ ತಗದು ಕೊಡೋದ ಅವರ ಕೆಲ್ಸ. ಖರ್ಚು ಭಾಳ ಬರ್ತೈತಿ.”

ಖರ್ಚಿನ ಮಾತು ಬಂದಾಗ ಮನೆಯಲ್ಲಿ ಎಲ್ಲರಿಗೂ ಬೇರೆ ಬೇರೆ ಕೆಲಸ ನೆನಪಾಯಿತು. ಮಾರುತೇಶ ಬೈಕ್ ಒರೆಸಲು ಹೋದ. ಗಾದಿಲಿಂಗಪ್ಪ ಟಿ.ಬಿ. ಡ್ಯಾಮಿನ ಗೆಳೆಯನನ್ನು ನೋಡಿ ಬರುತ್ತೇನೆಂದು ಬಸ್ಸು ಹಿಡಿದ. ಹೇಮಾ ತನ್ನದೇ ಕ್ಯಾಮೆರಾ ಕೊಳ್ಳಲೆಂದು ಕಟ್ಟುತ್ತಿದ್ದ ಚೀಟಿಯನ್ನು ನಷ್ಟಕ್ಕೆ ಎತ್ತಿದಳು. ಡಿಸ್ಕು ಅವಳ ಹೆಸರಿನಲ್ಲಿ, ಅವಳ ಫೋನ್ ನಂಬರಿನಲ್ಲಿ ಹುಬ್ಬಳ್ಳಿಗೆ ಹೋಯಿತು.

ಮುಂದಿನ ವಾರಗಳು ಫೋನು ಕಾಯುವುದರಲ್ಲಿ ಕಳೆದವು. ಕೊಟ್ರಯ್ಯನ ಫೋನು ಬರುತ್ತಿರಲಿಲ್ಲ, ಬೇರೆ ಇಬ್ಬರದು ತಪ್ಪದೆ ಬರುತ್ತಿತ್ತು. ಒಬ್ಬ ನಾಗಭೂಷಣ. “ಏನ್ರಿ ಮಾರುತೇಶ, ಮಗಳ ದೀಪಾವಳಿ ಬಂತು, ವಿಡಿಯೋ ಇಲ್ಲ. ಬೀಗರ ಮುಂದ ನಾ ಏನು ಹೇಳ್ಲಿ?” ಮಾರುತೇಶ “ಕಲರಿಂಗ್ ನಡದೈತ್ರಿ, ಲಾಸ್ಟ್ ಸ್ಟೇಜ್” ಎಂದು ನುಣ್ಣಗೆ ಸುಳ್ಳು ಹೇಳುತ್ತಿದ್ದ. ಇನ್ನೊಬ್ಬ ಪಾಲಪ್ಪ. ಪಕ್ಕದ ಮನೆಯವರ ಫೋನಿನಿಂದ, ತೊದಲುವ ನಾಲಿಗೆಯಲ್ಲಿ, ಅವನದು ಒಂದೇ ಪ್ರಶ್ನೆ.

“ಯಾವಾಗ ತೋರಸ್ತಿ ನನ್ನ ಹರಗೋಲು?”

“ತೋರಸ್ತೀನಪ್ಪ. ಸ್ವಲ್ಪ ತಡಿ.”

“ಕೈ ಅಂತೂ ಹೋತು. ಹೆಂಗ ಆಡತಿತ್ತು ಅಂಬೋದನ್ನರ ನೋಡ್ತೀನವ್ವ.”

ದೀಪಾವಳಿ ಮುಗಿದ ಮೇಲೆ ನಾಗಭೂಷಣ ಮನೆಗೇ ಬಂದ. ಬಾಳೆಗೊನೆ ಹಿಡಿದು ನಗುತ್ತಲೇ ಬಂದವನು ವಿಷಯ ತಿಳಿದಾಗ ನಗುವನ್ನು ಬಾಗಿಲಲ್ಲೇ ಬಿಟ್ಟ. ಗಾಳೆಮ್ಮ ಕೊಟ್ಟ ಚಹಾ ಮುಟ್ಟಲಿಲ್ಲ.

“ನನ್ನ ಮಗಳ ಧಾರಿ ಮತ್ತ ಎರೀಲೇನ್ರಿ ನಾನು? ಕಂಪ್ಲ್ಯಾಗ ಒಂದು ಮನಿಯವರೂ ಇನ್ನ ನಿಮ್ಮನ್ನ ಕರಿದಂಗ ಮಾಡ್ತೀನಿ. ಬರದಿಟಗೋರಿ.”

ಅವನು ಹೋದ ಮೇಲೆ ಗಾದಿಲಿಂಗಪ್ಪ ಬಹಳ ಹೊತ್ತು ಕಟ್ಟೆಯ ಮೇಲೆ ಕೂತಿದ್ದ. ಜೀವಮಾನದಲ್ಲಿ ಯಾರಿಂದಲೂ ಒಂದು ಮಾತು ಅನಿಸಿಕೊಳ್ಳದ ಮನುಷ್ಯ. ಅಂದು ಅವನಿಗೆ ರೊಟ್ಟಿ ಇಳಿಯಲಿಲ್ಲ.

ಕೊಟ್ರಯ್ಯನ ಫೋನು ಬಂದಾಗ ಮಧ್ಯಾಹ್ನ. ಹೇಮಾ ರೊಟ್ಟಿ ತಟ್ಟುತ್ತಿದ್ದಳು, ಕೈಯೆಲ್ಲ ಹಿಟ್ಟು. ಮಾರುತೇಶ ಫೋನನ್ನು ಸ್ಪೀಕರಿಗೆ ಹಾಕಿ ಅಡುಗೆಮನೆಯ ಕಿಟಕಿಗೆ ಆನಿಸಿಟ್ಟ.

“ಮೇಡಂ, ಹೆಡ್ ಬದಲಿ ಹಾಕೀನ್ರಿ. ಓದಾಕತ್ತೈತಿ, ಆದ್ರ ಪ್ಲೇಟ್ ಮ್ಯಾಲೆ ಗೀರು ಬಿದ್ದಾವು. ಈ ಹೆಡ್ಡೂ ಎಷ್ಟೊತ್ತು ತಡೀತೈತಿ ಹೇಳಾಕ ಬರಂಗಿಲ್ಲ. ಎಲ್ಲಾ ಬರ್ತೈತಿ ಅಂತ ನಂಬಬ್ಯಾಡ್ರಿ. ಯಾವ ಫೋಲ್ಡರ್ ಮೊದ್ಲು ತಗೀಬೇಕು ಹೇಳ್ರಿ. ಒಂದಂತೂ ಬರಬಹುದು.”

“ಕಂಪ್ಲಿ ಮದುವಿ” ಎಂದ ಮಾರುತೇಶ.

“ನಿಮ್ಮದಲ್ರಿ ಸರ್. ಮೇಡಂ ನಂಬರಿಂದ ಮೆಸೇಜ್ ಬರಬೇಕು. ನಾಳೆ ಹಂಗಂದಿದ್ದಿಲ್ಲ, ಹಿಂಗಂದಿದ್ದಿಲ್ಲ ಅಂತಾರ ಮಂದಿ. ಜಲ್ದಿ ಕಳಸ್ರಿ, ಮಷೀನಿಗೆ ಹಚ್ಚೀನಿ.”

ಫೋನಿಟ್ಟಾಯಿತು. ಹೆಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ಹೇಮಾ ಅದನ್ನು ತೆಗೆಯಲಿಲ್ಲ.

“ಮದುವಿದು ಅಷ್ಟಿಷ್ಟು ಹೊರಗ ಸಿಗತೈತ್ರಿ” ಎಂದಳು. “ಬಂದ ಮಂದಿ ಫೋನಿನಾಗ ಹಿಡದಿರ್ತಾರ. ಫೋಟೋ ತಗಿಯಾಕ ಬಂದಿದ್ದ ಅಂಜಿನಯ್ಯನ ಕ್ಯಾಮೆರಾದಾಗ ಫೋಟೋ ಅದಾವ. ಕೂಡಿಸಿ ನಾ ಏನರ ಮಾಡ್ತೀನಿ. ಅಪ್ಪಂದು ಎಲ್ಲೂ ಇಲ್ಲ.”

“ಫೋನಿನಾಗಿಂದು ಕೊಟ್ರ ನಾಗಭೂಷಣ ನನ್ನ ಮುಖಕ್ಕ ಒಗೀತಾನ.”

“ಅಪ್ಪನ ಕೈ ಮತ್ತ ಬರತೈತೇನ್ರಿ?”

ಬಾಗಿಲಲ್ಲಿ ನಿಂತಿದ್ದ ಗಾದಿಲಿಂಗಪ್ಪ ಮೆಲ್ಲಗೆ ಹೇಳಿದ. “ಹರಗೋಲು ಹೆಣಿಯಾವ್ರು ಇನ್ನಾ ಅದಾರವ್ವ ಹೊಳಿಮ್ಯಾಲೆ. ಬೇರೆಯವರದು ಹಿಡಕೊಂಡ್ರಾತು.”

“ಬೇರೆಯವರು ನಮ್ಮಪ್ಪ ಅಲ್ರಿ ಮಾವಾರ.”

ಗಾಳೆಮ್ಮ ಮುಂದೆ ಬಂದು ಸೀದ ರೊಟ್ಟಿಯನ್ನು ಎತ್ತಿ ಒಲೆಯ ಪಕ್ಕಕ್ಕಿಟ್ಟಳು. ತನ್ನ ಸೆರಗಿನಿಂದ ಹೇಮಾಳ ಕೈ ಹಿಟ್ಟು ಒರೆಸಿದಳು. ಐದು ವರ್ಷದಲ್ಲಿ ಅತ್ತೆ ಅಷ್ಟು ಮೆತ್ತಗೆ ಅವಳನ್ನು ಮುಟ್ಟಿದ್ದು ಅದೇ ಮೊದಲು. “ಅವನ ಮುಖ ನೋಡು. ನಿಮ್ಮ ಮಾವನ ಮುಖ ನೋಡು. ಮನಿ ಮಾನ ನಿನ್ನ ಬೆರಳಾಗ ಐತಿ” ಎಂದಳು. ಮಾರುತೇಶ ಫೋನನ್ನು ಅವಳ ಕೈಯಲ್ಲಿಟ್ಟ. “ಮದುವಿ ಮೊದ್ಲಿಗೆ ಅಂತ ಅಷ್ಟ. ಆಮ್ಯಾಲೆ ನಿಮ್ಮಪ್ಪಂದೂ ಬರತೈತಿ. ನಾ ಹೇಳ್ತೀನಲ್ಲ.”

ಮೂವರೂ ನೋಡುತ್ತಿದ್ದರು. ಅಪ್ಪನ ಹೆಸರು ಬರೆದು ಕಳಿಸಿದ್ದರೆ ಯಾರೂ ಅವಳ ಕೈ ಹಿಡಿಯುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ‘ಕಂಪ್ಲಿ ಮದುವೆ ಮೊದಲು’ ಎಂದು ಬರೆದಳು. ಕಳಿಸಿ, ಹಿಟ್ಟಿನ ಪರಾತಿಗೆ ಮತ್ತೆ ಕೈ ಹಾಕಿದಳು.

ಮದುವೆ ಬಂತು. ಧಾರೆ, ಅಕ್ಕಿಕಾಳು, ಊಟದ ಪಂಕ್ತಿ, ಮದುವೆಗೆ ಮುಂಚಿನ ಶೂಟಿಂಗು, ಎಲ್ಲ ನೆಟ್ಟಗೆ ಬಂದವು. ಆಮೇಲೆ ಹೊಸ ಹೆಡ್ಡೂ ಕೆಟ್ಟು ಕೂತಿತು. ಇನ್ನೊಂದು ಫೋಲ್ಡರಿನ ಬಗ್ಗೆ ಕೊಟ್ರಯ್ಯ ಹೇಳಿದ್ದಿಷ್ಟು. “ಫೈಲಿನ ಹೆಸರು ಬಂದಾವ್ರಿ ಮೇಡಂ. ಒಳಗ ಏನೂ ಇಲ್ಲ. ಒಂದೂ ಓಪನ್ ಆಗಂಗಿಲ್ಲ.”

ಹೇಮಾ ಆ ಹೆಸರುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ‘ಅಪ್ಪ ಬಿದಿರು ಸೀಳುವುದು’, ‘ಅಪ್ಪ ಕಲ್ಲು ಹೇರುವುದು’, ‘ಅಪ್ಪ ನಗುವುದು’. ಒತ್ತಿದರೆ ಕಪ್ಪು ಪರದೆ. ಅಂದು ಅವಳು ಮಾಡಿದ ಪುಂಡಿಪಲ್ಯಕ್ಕೆ ಉಪ್ಪಿರಲಿಲ್ಲ.

“ಉಪ್ಪು ಹಾಕೋದೂ ಮರ್ತಿಯೇನು?” ಎಂದಳು ಗಾಳೆಮ್ಮ.

“ಎಲ್ಲಾರ್ದೂ ಉಳೀತು ಅತ್ತಿ. ನಮ್ಮಪ್ಪಂದ ಒಂದ ಹೋತು.”

“ಅದಕ್ಕ ಯಾರ ಮ್ಯಾಲೆ ಸಿಟ್ಟು? ನೀನ ಕಳಿಸಿದ್ದಲ್ಲ ಮೆಸೇಜು?”

ಒರೆಸಿದ ಸೆರಗು ಅತ್ತೆಗೆ ಮರೆತಿತ್ತು, ಒತ್ತಿದ ಬೆರಳು ಮಾತ್ರ ನೆನಪಿತ್ತು. ಮಾರುತೇಶ ತಲೆ ತಗ್ಗಿಸಿ ಉಪ್ಪು ಉದುರಿಸಿಕೊಂಡು ಉಂಡ.

ಆ ಸಂಜೆ ಗಾದಿಲಿಂಗಪ್ಪ ಹೊಸಪೇಟೆಗೆ ಹೋಗಿ ಹೊಸ ಡಿಸ್ಕು ತಂದ. ಜೊತೆಗೆ ಪೇಪರಿನಲ್ಲಿ ಸುತ್ತಿದ ಒಗ್ಗರಣೆ ಮಂಡಕ್ಕಿ, ಮಿರ್ಚಿ. ಎರಡನ್ನೂ ಕಂಪ್ಯೂಟರಿನ ಪಕ್ಕ ಇಟ್ಟು, “ಬಿಸಿ ಅದಾವ, ತಿನ್ನವ್ವ” ಎಂದ. ಕ್ಷಮೆ ಕೇಳಲು ಅವನಿಗೆ ಅದಕ್ಕಿಂತ ಹೆಚ್ಚು ಬರುತ್ತಿರಲಿಲ್ಲ. ಹೇಮಾ ಕತ್ತರಿಸುತ್ತಲೇ ಇದ್ದಳು. ಮಿರ್ಚಿ ಆರಿ ಮೆತ್ತಗಾಯಿತು.

ನಾಗಭೂಷಣನಿಗೆ ವಿಡಿಯೋ ಬಹಳ ಹಿಡಿಸಿತು. ತನ್ನ ತಮ್ಮನ ಮಗನ ಮದುವೆಯನ್ನೂ ಇವರಿಗೇ ಕೊಟ್ಟ. “ನೋಡು, ಎಲ್ಲಾ ಸರಿ ಹೋತು” ಎಂದು ಮಾರುತೇಶ ಕಂಪ್ಲಿಯಿಂದ ಶಿಳ್ಳೆ ಹಾಕುತ್ತ ಬಂದ.

ಆ ಭಾನುವಾರ ಹೇಮಾ ಒಬ್ಬಳೇ ಹಂಪಿಯ ಬಸ್ಸು ಹತ್ತಿದಳು. ಪಾಲಪ್ಪ ಬೇವಿನ ನೆರಳಿಗೆ ಮಂಚ ಹಾಕಿಸಿಕೊಂಡು ಕೂತಿದ್ದ. ತಲೆಗೆ ಎಣ್ಣೆ ಹಚ್ಚಿಸಿಕೊಂಡಿದ್ದ, ಒಗೆದ ಅಂಗಿ ತೊಟ್ಟಿದ್ದ. ಮಗಳು ಬರುತ್ತಾಳೆಂದರೆ ತೋರಿಸಲಿಕ್ಕೇ ಬರುತ್ತಾಳೆಂದು ಅವನು ತಾನೇ ತಿಳಿದುಕೊಂಡಿದ್ದ.

“ತಂದ್ಯೇನು?”

ಹೋಯಿತಪ್ಪ ಎಂದು ಹೇಳಬೇಕೆಂದೇ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಆ ಎಣ್ಣೆ ಹಚ್ಚಿದ ತಲೆ ನೋಡಿ ಆ ಮಾತು ಬಿಟ್ಟಳು. ಫೋನು ತೆಗೆದು, ಅಂಜಲಿಯ ಮದುವೆಗೆ ಮುಂಚಿನ ಶೂಟಿಂಗಿನ ತುಣುಕು ಹಚ್ಚಿ ಅವನ ಎಡಗೈಗೆ ಕೊಟ್ಟಳು. ಪಾಲಪ್ಪ ಹೆಣೆದ ಕೊನೆಯ ಹರಿಗೋಲನ್ನೇ ಮಾರುತೇಶ ಅಂದು ಆ ಶೂಟಿಂಗಿಗೆ ಕೇಳಿ ಪಡೆದಿದ್ದ. ಈ ಲೋಕದಲ್ಲಿ ಆ ಹರಿಗೋಲಿನ ವಿಡಿಯೋ ಎಂದು ಉಳಿದದ್ದು ಅದೊಂದೇ.

ಹೊಳೆ ಬಂತು. ಮೇಲಿನಿಂದ ಡ್ರೋನ್ ಇಳಿಯಿತು. ನೀರಿನ ನಡುವೆ ದುಂಡಗೆ ಹರಿಗೋಲು ತಿರುಗಿತು. ಪಾಲಪ್ಪನ ಮುಖ ಅರಳಿತು.

“ನಂದ! ಅಂಚು ನೋಡು ಹೆಂಗ ಕುಂತೈತಿ.”

ಸುತ್ತ ಗುಲಾಬಿ ಹೊಗೆ ಎದ್ದಿತು. ಹೊಗೆಯೊಳಗಿಂದ ಅಂಜಲಿ, ಅವಳ ಗಂಡ ಕೈಕೈ ಹಿಡಿದು ಕಾಣಿಸಿಕೊಂಡರು. ಹಾಡು ಶುರುವಾಯಿತು.

“ಇವರ್ಯಾರು?”

“ಗಿರಾಕಿ, ಅಪ್ಪ.”

“ಇರ್ಲಿ. ನಾ ಎಲ್ಲಿ ಬರ್ತೀನಿ?”

ಪಾಲಪ್ಪ ಕಾದ. ಹೊಗೆ ಕರಗಿತು, ಇಬ್ಬರೂ ನಕ್ಕರು, ಅಕ್ಷರ ಬಂತು, ಪರದೆ ನಿಂತಿತು.

“ಮುಂದ?”

“ಅಷ್ಟ ಅಪ್ಪ. ಉಳಿದದ್ದೆಲ್ಲಾ ಹೋತು. ಡಿಸ್ಕ್ ಕೆಟ್ಟಿತ್ತು. ಒಂದ ಉಳೀತೈತಿ ಅಂದ್ರು. ನಾನ ಇದನ್ನ ಉಳಸ್ರಿ ಅಂದೆ.”

ಅವನಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಬೈಯಲಿಲ್ಲ. “ಇನ್ನೊಮ್ಮೆ ಹಾಕು” ಎಂದ. ಹಾಕಿದಳು. ಈ ಸಲ ಅವನು ಮುಖಗಳನ್ನು ನೋಡಲಿಲ್ಲ, ಹರಿಗೋಲಿನ ತಳವನ್ನೇ ನೋಡುತ್ತಿದ್ದ. ಮದುಮಗನ ಬಿಳಿ ಬೂಟು, ಮದುಮಗಳ ಎತ್ತರದ ಹಿಮ್ಮಡಿಯ ಚಪ್ಪಲಿ ಹೆಣಿಗೆಯ ಮೇಲೆ ತಿರುಗಾಡುತ್ತಿದ್ದವು.

“ಕಾಲಾಗಿಂದು ಬಿಡ್ರಿ ಅಂತ ಒಬ್ರೂ ಹೇಳ್ಲಿಲ್ಲೇನು?”

ಅವನು ಮಗಳ ಕಡೆ ತಿರುಗಿದ.

“ನೀ ಇದ್ದಿಯೇನು ಅವತ್ತು ಅಲ್ಲಿ?”

ದಂಡೆಯ ಮೇಲೆ ಹೊಗೆಯ ಡಬ್ಬಿ ಹಚ್ಚಿ ಹಿಡಿದು ನಿಂತವಳು ಅವಳೇ. ಬೂಟು ನೋಡಿದ್ದಳು. ಹೇಳೋಣವೆಂದುಕೊಂಡಿದ್ದಳು. ಗಿರಾಕಿಗೆ ಬೇಜಾರಾದೀತೆಂದು ಮಾರುತೇಶ ಕಣ್ಸನ್ನೆ ಮಾಡಿದ್ದ.

“ಇದ್ದೆ, ಅಪ್ಪ.”

ಪಾಲಪ್ಪ ಎಡಗೈಯಲ್ಲಿ ಫೋನನ್ನು ಮಂಚದ ಕೌದಿಯ ಮೇಲೆ ಬೋರಲು ಹಾಕಿ, ಹೊಳೆಯ ಕಡೆ ತಿರುಗಿ ಕೂತ. ಹಾಡು ಕೌದಿಯೊಳಗೆ ಇನ್ನೂ ಕೇಳುತ್ತಿತ್ತು.